ಶ್ರವಣವೇ ಚಿಕಿತ್ಸೆ

ದೇಹಕ್ಕೆ ವ್ಯಾಧಿ ತಗಲಿದರೆ ವೈದ್ಯನು ನಾಡಿಯನ್ನು ಹಿಡಿದು ನೋಡುವನು. ಮನಸ್ಸಿನ ನಾಡಿಯನ್ನು ಹಿಡಿಯುವುದೆಲ್ಲಿ? ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿದ ಚರಕನು ಅವುಗಳಲ್ಲಿ ವೈದ್ಯನೇ ಪ್ರಧಾನನೆಂದು ನಿರ್ಣಯಿಸಿದನು. ದೇಹದ ವಿಷಯದಲ್ಲಿ ಇದು ಯುಕ್ತವೇ ಸರಿ. ಆದರೆ ಮನಸ್ಸಿನ ವಿಷಯದಲ್ಲಿ ಆ ಪ್ರಾಧಾನ್ಯವು ನೊಂದವನಿಗೇ ಸಲ್ಲತಕ್ಕದ್ದೆಂದು ವಾದಿಸಿದವನು ಅಮೆರಿಕಾ ದೇಶದ ಮನಶ್ಚಿಕಿತ್ಸಕನಾದ ಕಾರ್ಲ್ ರೋಜರ್ಸ್.

ಇವನು 1902ರಲ್ಲಿ ಚಿಕಾಗೋ ನಗರದ ಸಮೀಪದ ಓಕ್ ಪಾರ್ಕಿನಲ್ಲಿ, ಆಚಾರನಿಷ್ಠವಾದ ಕ್ರೈಸ್ತ ಮನೆತನದಲ್ಲಿ ಜನಿಸಿದನು. ಇಸ್ಪೀಟು, ನಾಟಕ, ನರ್ತನ, ಮದ್ಯ ಇವೆಲ್ಲವೂ ಆ ಮನೆಯಲ್ಲಿ ನಿಷಿದ್ಧವಾಗಿದ್ದುವು. ಅವನಿಗೆ ಹನ್ನೆರಡು ವರ್ಷವಾದಾಗ ಸಂಸಾರವು ಹೊಲಗಳ ನಡುವೆ ಹೋಗಿ ನೆಲಸಿತು. ಒಡನಾಡಿಗಳು ವಿರಳರಾದ ಅಲ್ಲಿ ಹುಡುಗನು ಪತಂಗಗಳನ್ನು ಸಾಕಿದನು; ಬೇಸಾಯಶಾಸ್ತ್ರದ ಗ್ರಂಥಗಳನ್ನು ಓದಿದನು. ಚಳಿಗಾಲಕ್ಕೆಂದು ನೆಲಮಾಳಿಗೆಯಲ್ಲಿ ಕೂಡಿಟ್ಟ ಆಲೂಗಡ್ಡೆಗಳು ಮೇಲಣ ಕಿರುಗಿಂಡಿಯ ಬೆಳಕಿನ ಕಡೆಗೆ ಬಿಳಿಚಿದ ಮೊಳಕೆಗಳನ್ನು ಚಾಚುತ್ತಿದ್ದುದನ್ನು ಕಂಡನು. ಮುಂದೆ ಮಾನಸಿಕ ಆಸ್ಪತ್ರೆಗಳ ಮೂಲೆಕೊಠಡಿಗಳಲ್ಲಿ ಬಿದ್ದಿದ್ದವರನ್ನು ನೆನೆದಾಗಲೆಲ್ಲ ಅವನಿಗೆ ಆ ಮೊಳಕೆಗಳ ನೆನಪಾಗುತ್ತಿತ್ತು. ರೂಪವು ವಿಕಾರವಾಗಿದ್ದರೂ ಅದು ಬದುಕುವ ಪ್ರಯತ್ನವೇ ಅಲ್ಲವೆ?

ಪಾದ್ರಿಯಾಗಬೇಕೆಂದು ನ್ಯೂಯಾರ್ಕಿನ ಮತವಿದ್ಯಾಲಯವನ್ನು ಸೇರಿದ ರೋಜರ್ಸ್, ವಿಧಿಸಿದ ನಂಬಿಕೆಯೊಂದರೊಳಗೆ ತನ್ನನ್ನು ಬಂಧಿಸಿಕೊಳ್ಳಲಾರದೆ ಮನಶ್ಶಾಸ್ತ್ರದ ಕಡೆಗೆ ತಿರುಗಿದನು. 1928ರಿಂದ ಹನ್ನೆರಡು ವರ್ಷ ರಾಚೆಸ್ಟರ್ ಪಟ್ಟಣದಲ್ಲಿ ದಾರಿತಪ್ಪಿದ ಮಕ್ಕಳ ಸೇವೆಯಲ್ಲಿದ್ದನು. ಅಲ್ಲಿ ಒಬ್ಬ ತುಂಟ ಬಾಲಕನ ತಾಯಿ ಅವನ ಬಳಿಗೆ ಬರುತ್ತಿದ್ದಳು. ಎಳವೆಯಲ್ಲಿ ಅವಳು ಮಗನನ್ನು ತಿರಸ್ಕರಿಸಿದುದೇ ಅನರ್ಥಕ್ಕೆ ಮೂಲವೆಂದು ರೋಜರ್ಸ್ ಬಗೆಬಗೆಯಾಗಿ ತಿಳಿಯಹೇಳಿದನು, ಫಲವಾಗಲಿಲ್ಲ. ಇನ್ನು ನಿಲ್ಲಿಸೋಣವೆಂದು ಇಬ್ಬರೂ ಒಪ್ಪಿದರು. ಬಾಗಿಲವರೆಗೆ ಹೋದ ಆಕೆ ಹಿಂದಿರುಗಿ ನೋಡಿ, ಇಲ್ಲಿ ದೊಡ್ಡವರಿಗೂ ಸಹಾಯಮಾಡುವಿರಾ ಎಂದು ಕೇಳಿದಳು. ಮತ್ತೆ ಕುಳಿತು, ಕೆಟ್ಟುಹೋದ ತನ್ನ ದಾಂಪತ್ಯದ ದುಃಖವನ್ನೆಲ್ಲ ತೋಡಿಕೊಂಡಳು. ರೋಜರ್ಸ್ ಸುಮ್ಮನೆ ಕೇಳಿದನು. ಕಾಲಕ್ರಮದಲ್ಲಿ ತಾಯಿಗೂ ಹಿತವಾಯಿತು, ಮಗನೂ ಸುಧಾರಿಸಿದನು. ನೋವು ಎಲ್ಲಿದೆಯೆಂಬುದನ್ನು ಬಲ್ಲವನು ನೊಂದವನೇ ಎಂಬ ಪಾಠವು ಹೀಗೆ ಅವನಿಗೆ ದೊರಕಿತು.

ಆಮೇಲೆ ಅವನು ರೋಗಿಯೆಂಬ ಮಾತನ್ನೇ ಬಿಟ್ಟು, ವಕೀಲರ ಕಕ್ಷಿಗಾರನಿಗೆ ಸಲ್ಲುವ ಹೆಸರಿನಿಂದ ತನ್ನಲ್ಲಿಗೆ ಬಂದವರನ್ನು ಕರೆದನು. 1957ರ ಒಂದು ಲೇಖನದಲ್ಲಿ ಚಿಕಿತ್ಸಕನಿಗೆ ಮೂರು ಗುಣಗಳನ್ನು ವಿಧಿಸಿದನು: ಒಳಗೊಂದು ಹೊರಗೊಂದಿಲ್ಲದ ಪ್ರಾಮಾಣಿಕತೆ, ನಿಬಂಧನೆಯಿಲ್ಲದ ಆದರ, ಪರರ ಲೋಕವನ್ನು ಅವರ ಕಣ್ಣಿನಿಂದಲೇ ಕಾಣುವ ಸಹಾನುಭೂತಿ. ಇಷ್ಟೇ ಸಾಕೆಂಬ ಅವನ ಸಿದ್ಧಾಂತವನ್ನು ಇಂದಿನ ವಿದ್ವಾಂಸರಲ್ಲಿ ಅನೇಕರು ಒಪ್ಪರು. ಇವು ಬೇಕೆಂಬುದನ್ನು ಮಾತ್ರ ಬಹುಮಂದಿ ಒಪ್ಪುವರು.

ಬರಿದೆ ಕೇಳುವುದೇನು ದೊಡ್ಡ ಕೆಲಸವೆಂದು ಕೆಲವರು ಆಕ್ಷೇಪಿಸಬಹುದು. ಚಿಕಾಗೋವಿನಲ್ಲಿದ್ದಾಗ, 1950ರ ಸುಮಾರಿಗೆ, ತೀವ್ರವಾಗಿ ಕಲಕಿದ್ದ ಒಬ್ಬ ಸ್ತ್ರೀಯ ಮಾತನ್ನು ದೀರ್ಘಕಾಲ ಕೇಳುತ್ತ ರೋಜರ್ಸನ ಬುದ್ಧಿಯೇ ತಲ್ಲಣಿಸಿತು. ಅವನು ಪತ್ನಿಯೊಡನೆ ಊರನ್ನು ಬಿಟ್ಟು ಕೆಲವು ತಿಂಗಳು ದೂರವಿದ್ದನು. ಹಿಂದಿರುಗಿದ ಮೇಲೆ ತನ್ನ ಕೈಕೆಳಗಿನ ಸಹೋದ್ಯೋಗಿಯೊಬ್ಬನ ಮುಂದೆ ಕುಳಿತು ತಾನೇ ಚಿಕಿತ್ಸೆಯನ್ನು ಪಡೆದನು. ಪ್ರಸಿದ್ಧನಾದ ಆಚಾರ್ಯನೊಬ್ಬನು ಹೀಗೆ ಮಾಡುವುದು ಸುಲಭವಲ್ಲ.

1987ರಲ್ಲಿ ಅವನು ತೀರಿಕೊಂಡನು. ಹಿರಿಯರ ಉಪದೇಶಕ್ಕೆ ನಮ್ಮ ಮನೆಗಳಲ್ಲಿ ಎಂದೂ ಬರವಿಲ್ಲ. ಹೇಳುವ ಮೊದಲು ಒಂದು ಗಳಿಗೆ ಕೇಳುವವರು ಇದ್ದರೆ, ಬಾಗಿಲವರೆಗೆ ಹೋದ ಎಷ್ಟು ಮಂದಿ ಹಿಂದಿರುಗಿ ಬಂದಾರು!