ಅರ್ನೋ ತೀರದ ಪಾಡಿನ ಶಿಲುಬೆ

ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಅರ್ನೋ ನದಿಗೆ ಸಮೀಪವಾಗಿ, ಸಾಂತಾ ಕ್ರೋಚೆ ಎಂಬ ಭವ್ಯವಾದ ಇಗರ್ಜಿಯಿದೆ. ‘ಪವಿತ್ರ ಶಿಲುಬೆ’ ಎಂಬುದೇ ಆ ಹೆಸರಿನ ಅರ್ಥ. ಸಂತ ಫ್ರಾನ್ಸಿಸರ ಪಂಥದ ಸಂನ್ಯಾಸಿಗಳಿಗಾಗಿ ಈಗಿನ ಕಟ್ಟಡದ ನಿರ್ಮಾಣ ಆರಂಭವಾದುದು 1294ರಲ್ಲಿ. ಮೈಕೆಲೇಂಜೆಲೋ, ಗೆಲಿಲಿಯೋ ಮೊದಲಾದ ಮಹನೀಯರ ಸಮಾಧಿಗಳು ಇಲ್ಲಿರುವುದರಿಂದ ಪ್ರವಾಸಿಗಳ ಸಂದಣಿಗೆ ಕೊರತೆಯಿಲ್ಲ. ಆದರೆ ಸಮಾಧಿಗಳನ್ನಷ್ಟೇ ನೋಡಿ ಹಿಂದಿರುಗುವವನು ಇಲ್ಲಿಯ ಬಹುಮುಖ್ಯವಾದ ವಸ್ತುವೊಂದನ್ನು ಕಾಣದೆಯೇ ಹೋದಂತಾಗುತ್ತದೆ. ಗುರುಗಳ ಪೂಜಾವಸ್ತ್ರಗಳನ್ನಿರಿಸುವ ಪಕ್ಕದ ಕೋಣೆಯಲ್ಲಿ, ನೆಲದಿಂದ ಬಹು ಎತ್ತರದಲ್ಲಿ, ಚಿಮಾಬುಯೆ ಎಂಬ ಚಿತ್ರಕಾರನು ರಚಿಸಿದ ಮರದ ಶಿಲುಬೆ ತೂಗುತ್ತಿದೆ.

ಬರಿಯ ಶಿಲುಬೆ ಬೇರೆ, ಪಾಡಿನ ಶಿಲುಬೆ ಬೇರೆ. ಮೊದಲನೆಯದು ಎರಡು ಮರಗಳ ಗುರುತು ಮಾತ್ರ. ಎರಡನೆಯದರಲ್ಲಿ ಕ್ರಿಸ್ತನ ದೇಹವೂ ಇರುತ್ತದೆ. ಹನ್ನೆರಡನೆಯ ಶತಮಾನದ ಇಟಲಿಯ ಚಿತ್ರಿತ ಶಿಲುಬೆಗಳಲ್ಲಿ ಸಾಮಾನ್ಯವಾಗಿ ಕ್ರಿಸ್ತನು ಕಣ್ತೆರೆದು ನೆಟ್ಟಗೆ ನಿಂತಿರುತ್ತಾನೆ. ಮೊಳೆ ಹೊಡೆದ ಕೈಗಳಲ್ಲಿಯೂ ನೋವಿಲ್ಲ. ಅವನು ಮೃತ್ಯುವನ್ನು ಜಯಿಸಿದ ವೀರ. ಹದಿಮೂರನೆಯ ಶತಮಾನದಲ್ಲಿ ಈ ಭಾವ ಬದಲಾಯಿತು. ಕ್ರಿಸ್ತನು ಮಾನವನಾಗಿ ಉಂಡ ನೋವನ್ನು ಧ್ಯಾನಿಸಬೇಕೆಂದು ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಜನರಿಗೆ ಬೋಧಿಸಿದರು. ಆ ಶತಮಾನದ ಉತ್ತರಾರ್ಧದಲ್ಲಿ ಚಿಮಾಬುಯೆ ಬರೆದ ಕ್ರಿಸ್ತನು ಕಣ್ಮುಚ್ಚಿದ್ದಾನೆ. ತಲೆ ಭುಜದ ಮೇಲೆ ವಾಲಿದೆ. ದೇಹ ಬಿಲ್ಲಿನಂತೆ ಬಾಗಿದೆ. ಸೊಂಟದ ವಸ್ತ್ರ ಮೈ ಕಾಣುವಷ್ಟು ತೆಳುವಾಗಿದೆ. ಅಡ್ಡಮರದ ಎರಡು ತುದಿಗಳಲ್ಲಿ ತಾಯಿ ಮೇರಿಯೂ ಶಿಷ್ಯ ಯೋಹಾನನೂ ದುಃಖಿಸುತ್ತಿದ್ದಾರೆ. ಸುಮಾರು ನಾಲ್ಕೂವರೆ ಮೀಟರ್ ಎತ್ತರದ ಈ ಶಿಲುಬೆಯ ಮುಂದೆ ನಿಂತವನಿಗೆ ಮೊದಲು ತೋರುವುದು ದೇವರ ಮಹಿಮೆಯಲ್ಲ, ಒಬ್ಬ ಮನುಷ್ಯನ ಮರಣ.

ಸುಮಾರು ಏಳುನೂರು ವರ್ಷಗಳ ಅನಂತರ ಈ ಚಿತ್ರಕ್ಕೇ ಪಾಡು ಒದಗಿತು. 1966ರ ನವೆಂಬರ್ 4ರ ಬೆಳಗಿನ ಜಾವ, ಎಡೆಬಿಡದ ಮಳೆಯಿಂದ ಉಕ್ಕಿದ ಅರ್ನೋ ದಡ ಮೀರಿ ನಗರಕ್ಕೆ ನುಗ್ಗಿತು. ಅಂದು ರಾಷ್ಟ್ರೀಯ ರಜಾದಿನ. ಅಂಗಡಿ ಕಚೇರಿಗಳೆಲ್ಲ ಮುಚ್ಚಿದ್ದುವು. ಚಳಿಗಾಲಕ್ಕೆಂದು ನೆಲಮಾಳಿಗೆಗಳಲ್ಲಿ ಕೂಡಿಟ್ಟಿದ್ದ ಉರುವಲು ಎಣ್ಣೆ ನೀರಿನೊಡನೆ ಬೆರೆತು, ಕೆಸರೆಲ್ಲ ಕಪ್ಪು ಜಿಡ್ಡಾಯಿತು. ತಗ್ಗಿನಲ್ಲಿರುವ ಸಾಂತಾ ಕ್ರೋಚೆಯ ಸುತ್ತ ನೀರು ಎರಡಾಳೆತ್ತರವನ್ನೂ ಮೀರಿತು. ಆಗ ಶಿಲುಬೆ ಇದ್ದದ್ದು ಸಂನ್ಯಾಸಿಗಳ ಹಳೆಯ ಭೋಜನಶಾಲೆಯಲ್ಲಿದ್ದ ವಸ್ತುಸಂಗ್ರಹಾಲಯದಲ್ಲಿ. ನೀರಿಳಿದಾಗ ಬಣ್ಣದಲ್ಲಿ ನೂರಕ್ಕೆ ಅರುವತ್ತರಷ್ಟು ಕಳಚಿಹೋಗಿತ್ತು. ಮರ ನೀರು ಕುಡಿದು ಉಬ್ಬಿತ್ತು. ನಾನಾ ದೇಶಗಳ ತರುಣರು ಫ್ಲಾರೆನ್ಸಿಗೆ ಧಾವಿಸಿ ಬಂದು ಪುಸ್ತಕಗಳನ್ನೂ ಚಿತ್ರಗಳನ್ನೂ ಕೆಸರಿನಿಂದ ಎತ್ತಿದರು. ಊರಿನವರು ಅವರನ್ನು ‘ಕೆಸರಿನ ದೇವದೂತರು’ ಎಂದು ಕರೆದರು.

ಶಿಲುಬೆಯನ್ನು ಬೋಬೋಲಿ ಉದ್ಯಾನದ ನಿಂಬೆಮನೆಗೆ ಸಾಗಿಸಿದರು. ಒಮ್ಮೆಗೇ ಒಣಗಿದರೆ ಮರ ಕುಗ್ಗಿ, ಉಳಿದ ಬಣ್ಣವೂ ಉದುರುವ ಭಯವಿದ್ದುದರಿಂದ ಗಾಳಿಯ ತೇವವನ್ನು ಮೆಲ್ಲಮೆಲ್ಲನೆ ತಗ್ಗಿಸುತ್ತ ಬಂದರು. ಬಳಿಕ ಕಠಿಣವಾದ ಪ್ರಶ್ನೆ ಎದುರಾಯಿತು. ಕಳೆದುಹೋದ ಭಾಗವನ್ನು ಏನು ಮಾಡುವುದು? ಹಳೆಯ ಛಾಯಾಚಿತ್ರಗಳಿದ್ದುವು, ನುರಿತ ಕೈ ಅವನ್ನು ನೋಡಿ ಎಲ್ಲವನ್ನೂ ಮತ್ತೆ ಬರೆಯಬಹುದಾಗಿತ್ತು. ಆದರೆ ಅದು ಚಿಮಾಬುಯೆಯ ಹೆಸರಿನಲ್ಲಿ ಇನ್ನೊಬ್ಬನ ಚಿತ್ರವಾಗುತ್ತಿತ್ತು. ಹಾಗೆಯೇ ಬಿಟ್ಟರೆ ಕಣ್ಣು ಗಾಯವನ್ನಲ್ಲದೆ ಬೇರೇನನ್ನೂ ಕಾಣದು. ಉಂಬೆರ್ತೋ ಬಾಲ್ದೀನಿ ಮತ್ತು ಸಂಗಡಿಗರು ನಡುವಿನ ದಾರಿಯೊಂದನ್ನು ಹಿಡಿದರು. ಉಳಿದ ಬಣ್ಣಗಳಿಗೆ ಹೊಂದುವಂತೆ ಹಲವು ಬಣ್ಣಗಳ ಸಣ್ಣ ಗೀರುಗಳನ್ನು ಬಲೆಯಂತೆ ಹೆಣೆದು ಖಾಲಿ ಜಾಗಗಳನ್ನು ತುಂಬಿದರು. ದೂರದಿಂದ ಆ ಬಲೆ ಕಣ್ಣಿಗೆ ಅಡ್ಡಬರುವುದಿಲ್ಲ. ಹತ್ತಿರ ಹೋದರೆ ಯಾವುದು ಹಳೆಯದು, ಯಾವುದು ಹೊಸದು ಎಂಬುದು ಮರೆಯಾಗುವುದೂ ಇಲ್ಲ. ಈ ಕ್ರಮವನ್ನು ಒಪ್ಪದ ವಿಮರ್ಶಕರೂ ಇದ್ದಾರೆ. 1976ರಲ್ಲಿ, ಹತ್ತು ವರ್ಷಗಳ ಚಿಕಿತ್ಸೆಯ ಬಳಿಕ, ಶಿಲುಬೆ ಸಾಂತಾ ಕ್ರೋಚೆಗೆ ಮರಳಿತು.

ಭಿನ್ನವಾದ ವಿಗ್ರಹವನ್ನು ಪೂಜೆಯಿಂದ ತೆಗೆದು ನೀರಿಗೆ ಬಿಡುವ ವಾಡಿಕೆಯನ್ನು ಬಲ್ಲ ಭಾರತೀಯನಿಗೆ ಇದು ವಿಚಿತ್ರವೆನಿಸಬಹುದು. ಇಲ್ಲಿ ನೀರೇ ಭಿನ್ನಗೊಳಿಸಿದ ಪ್ರತಿಮೆಯನ್ನು ನೀರಿನಿಂದೆತ್ತಿ ಮತ್ತೆ ದೇವಾಲಯಕ್ಕೇ ತಂದಿದ್ದಾರೆ. ಆದರೆ ಪಾಡಿನ ಶಿಲುಬೆಯ ಹುರುಳೇ ಗಾಯವನ್ನು ಮರೆಮಾಡದಿರುವುದು. ಕ್ರೈಸ್ತರು ತಲೆಬಾಗುವುದು ಗಾಯಗೊಂಡ ದೇಹಕ್ಕೆ. ಆ ದೇಹದ ಚಿತ್ರ ಗಾಯಗೊಂಡಾಗ ಅದನ್ನು ಬಣ್ಣ ಬಳಿದು ಮುಚ್ಚದೆ ಉಳಿಸಿಕೊಂಡುದು ಆ ಭಕ್ತಿಗೆ ಒಪ್ಪುವಂಥದೇ ಆಗಿದೆ.

ಕಿಟಕಿಯ ಬೆಳಕಿನಲ್ಲಿ ಎತ್ತರಕ್ಕೆ ತೂಗುವ ಆ ಬಾಗಿದ ದೇಹವನ್ನು ನೋಡಲು ಪ್ರವಾಸಿಯು ಕತ್ತೆತ್ತಿ ನಿಲ್ಲಬೇಕು. ಮುಖದ ಒಂದು ಭಾಗ ಅಳಿದಿದೆ. ಉಳಿದುದನ್ನು ಕಾಣುವುದಕ್ಕೆ ಅವನು ಕೊಂಚ ಹೊತ್ತು ಸುಮ್ಮನೆ ನಿಲ್ಲಬೇಕಾಗುತ್ತದೆ.