ಬದುವಿನ ಹೊಂಗೆ, ಬಂಡಿಯ ಎಣ್ಣೆ

ಹಾಸನದಲ್ಲಿ ನೆಂಟರ ಮನೆ ಮದುವೆ ಮುಗೀತು. ಮಾರನೆ ದಿನ, "ಅತ್ತಿಗೆ, ಬೇಲೂರು ಹಳೇಬೀಡು ಎಷ್ಟು ಸಲ ನೋಡೋದು? ಮಡೆನೂರಿಗೆ ಹೋಗೋಣ" ಅಂತ ಚನ್ನರಾಯಪಟ್ಟಣದ ನಾದಿನಿ ಹಟ ಹಿಡಿದಳು. ಅಲ್ಲಿರುವುದು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು 2007ರಲ್ಲಿ ಶುರುಮಾಡಿದ ಜೈವಿಕ ಇಂಧನ ಉದ್ಯಾನ.

ಹೊಂಗೆ, ಬೇವು, ಹಿಪ್ಪೆ, ಸಿಮರೂಬ — ಎಲ್ಲ ಎಣ್ಣೆಬೀಜದ ಮರಗಳೇ. ಸುಮಾರು ನಾಲ್ಕು ಕಿಲೋ ಹೊಂಗೆ ಬೀಜ ಯಂತ್ರದ ಗಾಣಕ್ಕೆ ಹಾಕಿದರೆ ಒಂದು ಲೀಟರ್ ಎಣ್ಣೆ. ಉಳಿದ ಹಿಂಡಿ ತೆಂಗಿನ ಬುಡಕ್ಕೆ ಒಳ್ಳೆ ಗೊಬ್ಬರ. ನಮ್ಮಜ್ಜಿ ದೀಪಕ್ಕೆ ಹಾಕುತ್ತಿದ್ದ ಎಣ್ಣೆಯೇ ಇದು! ಇದನ್ನು ಬಿಸಿಮಾಡಿ, ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿ ಕಲಕುತ್ತಾರೆ. ಗ್ಲಿಸರಿನ್ ತಳ ಸೇರುತ್ತದೆ. ಮೇಲೆ ನಿಂತದ್ದನ್ನು ನೀರಿನಿಂದ ತೊಳೆದು, ನೀರಿನ ಪಸೆ ತೆಗೆದರೆ ಡೀಸೆಲ್ ಎಂಜಿನ್ನಿಗಾಗುವ ಇಂಧನ. "ಮಜ್ಜಿಗೆ ಕಡೆದು ಬೆಣ್ಣೆ ತೆಗೆದ ಹಾಗಾಯ್ತು" ಅಂದಳು ನಾದಿನಿ. ಆದರೆ ಸೋದರಿಯರೇ, ಇದನ್ನು ಅಡುಗೆಮನೆಯಲ್ಲಿ ಮಾಡಿ ನೋಡಬೇಡಿ. ಮೆಥನಾಲ್ ವಿಷ, ಭಗ್ಗನೆ ಹೊತ್ತಿಕೊಳ್ಳುತ್ತದೆ. ಕಾಸ್ಟಿಕ್ ಸೋಡಾ ಮೈ ಸುಡುತ್ತದೆ.

ಹೊಸದೇನೂ ಅಲ್ಲ ಬಿಡಿ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು.

ಇಷ್ಟೆಲ್ಲ ನೋಡುವಾಗ ನನ್ನ ಮನಸ್ಸು ಮಾತ್ರ ಹೊಳೆನರಸೀಪುರದ ಹತ್ತಿರದ ತವರಿನಲ್ಲಿತ್ತು. ಅಲ್ಲಿ ಹೊಲದ ಬದುವಿನಲ್ಲಿ ಮೂರು ಹೊಂಗೆ ಮರಗಳಿವೆ. ಅರಕಲಗೂಡು ಕಡೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳಿಗೆ ಸೌದೆ ಎಷ್ಟಿದ್ದರೂ ಸಾಲದು. ಅಣ್ಣ ಸೌದೆ ವ್ಯಾಪಾರಿಗೆ ಮಾತು ಕೊಡುವುದರಲ್ಲಿದ್ದ. ನಾನು ಸೀದಾ ಹೊಳೆನರಸೀಪುರದ ಬಸ್ ಹತ್ತಿದೆ.

"ಅಣ್ಣಾ, ಸೌದೆ ಉರಿಯೋದು ಒಂದೇ ಸಲ. ಬೀಜ ವರ್ಷ ವರ್ಷ ಬರುತ್ತೆ" ಅಂದೆ.

"ಆಯೋರು ಯಾರಮ್ಮ? ಕೂಲಿನಾದ್ರೂ ಗಿಟ್ಟುತ್ತಾ?" ಅಂದ.

ಅವನ ಮಾತು ಸುಳ್ಳಲ್ಲ. ಬಿಸಿಲಲ್ಲಿ ಕಾಯಿ ಆಯ್ದು, ಒಣಗಿಸಿ, ಕುಟ್ಟಿ, ಬೀಜ ಬಿಡಿಸಬೇಕು. ಆ ಕೆಲಸ ಬೀಳುವುದು ಹೆಂಗಸರ ಮೇಲೇ. ಅದಕ್ಕೆ ತಕ್ಕ ಬೆಲೆ ಸಿಗದಿದ್ದರೆ ಉದ್ಯಾನ ಎಷ್ಟು ಚೆನ್ನಾಗಿದ್ದರೇನು, ಬದುವಿನ ಮರ ಕೊಡಲಿಗೇ ಸರಿ.

ಒಲೆ ಮುಂದಿದ್ದ ಅತ್ತಿಗೆ ತಿರುಗಿ ಹೇಳಿದರು: "ನಾನು ಆಯ್ತೀನಿ. ಬೀಜದ ದುಡ್ಡು ಮಾತ್ರ ನನ್ನ ಕೈಗೇ ಬರಬೇಕು."

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಬೇಸಗೆ ನೋಡೋಣ" ಅಂದ.

ಮರಗಳು ಸದ್ಯಕ್ಕೆ ಉಳಿದಿವೆ.