ಕಿವಿಯೊಳಗಿನ ಹಿಮ್ಮೇಳ

ಹೊಸ ಇಯರ್‌ಫೋನು ಕೈಗೆ ಬಂದರೆ ನಾನು ಮೊದಲು ಹಾಡು ಹಾಕುವುದಿಲ್ಲ, ಮಾತು ಹಾಕುತ್ತೇನೆ. ನಮ್ಮೂರಿನ ಹೆಸರನ್ನು ನಾಡೆಲ್ಲ ಕೇಳುವಂತೆ ಮಾಡಿದ ಬನ್ನಂಜೆ ಗೋವಿಂದಾಚಾರ್ಯರ ಪ್ರವಚನ. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಧ್ವನಿ ಮಾತ್ರ ಗಂಟೆಗಟ್ಟಲೆ ನಮಗೆ ಉಳಿದಿದೆ. ಶ್ಲೋಕ ಹೇಳಿ, ಪದ ಬಿಡಿಸಿ, ಕನ್ನಡಕ್ಕೆ ತಂದು ಮತ್ತೆ ಶ್ಲೋಕಕ್ಕೆ ಮರಳುವ ಆ ಮಾತಿನಲ್ಲಿ ಶ, ಷ, ಸ ಮೂರೂ ತಂತಮ್ಮ ಜಾಗದಲ್ಲಿ ಕೂತಿರುತ್ತವೆ. ಸಕಾರದ ಗಾಳಿಸದ್ದು ಹೆಚ್ಚಾಗಿ 5,000 ಹರ್ಟ್ಜ್‌ನಿಂದ ಮೇಲಿನದು. ಶಕಾರ ಷಕಾರಗಳದು ಅದಕ್ಕಿಂತ ಕೆಳಗೆ. ಅಗ್ಗದ ಇಯರ್‌ಫೋನುಗಳಲ್ಲಿ ಎಷ್ಟೋ ಕಡೆ ಆ ಮೇಲಿನ ಭಾಗವನ್ನೇ ಎತ್ತಿ ಇಟ್ಟಿರುತ್ತಾರೆ, ಅಂಗಡಿಯಲ್ಲಿ ಅರ್ಧ ನಿಮಿಷ ಕೇಳಿದವರಿಗೆ ‘ಎಷ್ಟು ಕ್ಲಿಯರ್!’ ಅನ್ನಿಸಲಿ ಎಂದು. ಮನೆಗೆ ತಂದು ಕೇಳಿದರೆ ಸಕಾರ ಬಂದಲ್ಲೆಲ್ಲ ಸೂಜಿ ಚುಚ್ಚುತ್ತದೆ. ‘ಶೇಷಶಾಯಿ’ ಎಂಬ ಒಂದೇ ಶಬ್ದ ಸಾಕು ನನಗೆ. ನಾಲಿಗೆ ಅಂಗುಳಕ್ಕೆ ಹೋಗಿ, ಮಡಚಿ, ಮತ್ತೆ ಮೊದಲಿನ ಜಾಗಕ್ಕೆ ಬಂದದ್ದು ಕಿವಿಗೆ ಕಂಡರೆ ಆ ಇಯರ್‌ಫೋನಿಗೆ ಮುಂದಿನ ಪರೀಕ್ಷೆ ಉಂಟು. ಇಲ್ಲದಿದ್ದರೆ ಅದು ಅಲ್ಲಿಗೇ ಡಬ್ಬಕ್ಕೆ ವಾಪಸು.

ಕಿವಿಯೊಳಗೇ ಕೂರುವ ಇಂಥ ಇಯರ್‌ಫೋನುಗಳಿಗೆ ಇನ್-ಇಯರ್ ಮಾನಿಟರ್ ಎಂದು ಹೆಸರು, ಚುಟುಕಾಗಿ ಐಇಎಂ. ಹುಟ್ಟಿದ್ದು ನಮ್ಮಂಥ ಕೇಳುಗರಿಗಾಗಿ ಅಲ್ಲ, ವೇದಿಕೆಯ ಮೇಲೆ ನಿಲ್ಲುವವರಿಗಾಗಿ. 1995ರಲ್ಲಿ ಅಮೆರಿಕದ ಧ್ವನಿ ತಂತ್ರಜ್ಞ ಜೆರ್ರಿ ಹಾರ್ವೆ, ವ್ಯಾನ್ ಹೇಲನ್ ತಂಡದ ಡ್ರಮ್ ವಾದಕ ಆಲೆಕ್ಸ್ ವ್ಯಾನ್ ಹೇಲನ್‌ಗೆಂದು ಇಂಥದೊಂದನ್ನು ಕಟ್ಟಿಕೊಟ್ಟರು. ವೇದಿಕೆಯ ಅಬ್ಬರದ ನಡುವೆ ಹಿಮ್ಮೇಳದವನಿಗೆ ಹಿಮ್ಮೇಳ ಸರಿಯಾಗಿ ಕೇಳಬೇಕಿತ್ತು, ಅಷ್ಟೇ. ಬಹುಕಾಲ ಅದು ದುಡ್ಡಿದ್ದವರ ವಸ್ತುವಾಗಿತ್ತು. ಆಮೇಲೆ ಚೀನಾದ ಸಣ್ಣ ಕಂಪೆನಿಗಳು ಕೈಹಾಕಿದವು. 2022ರಲ್ಲಿ ಮೂನ್‌ಡ್ರಾಪ್ ಚೂ ಬಂತು, ಅದೇ ವರ್ಷ ಸಾಲ್ನೋಟ್ಸ್ ಝೀರೋ ಬಂತು. ಆಗ ಎರಡರ ಬೆಲೆಯೂ 20 ಡಾಲರಿನ ಆಸುಪಾಸು, ಎರಡರಲ್ಲೂ ಸದ್ದು ಹೊರಡಿಸುವ 10 ಮಿಲಿಮೀಟರಿನ ಒಂದೊಂದು ಡ್ರೈವರ್. ಮಣಿಪಾಲದಲ್ಲಿ ಓದುವ ಹುಡುಗರ ಕಿವಿಯಲ್ಲಿ ಕಿವಿಯ ಹಿಂದಿನಿಂದ ಸುತ್ತಿ ಬರುವ ತಂತಿ ಕಂಡಾಗೆಲ್ಲ ನನಗೆ ‘ಯಾವುದದು?’ ಎಂದು ಕೇಳುವ ಆಸೆ. ಕೇಳಿಯೂ ಕೇಳುತ್ತೇನೆ.

ಹಾಕಿಕೊಳ್ಳುವುದರಲ್ಲಿಯೇ ಅರ್ಧ ಸಂಗತಿ ಇದೆ. ಬಲಗೈಯನ್ನು ತಲೆಯ ಹಿಂದಿನಿಂದ ತಂದು ಎಡಗಿವಿಯನ್ನು ಮೇಲಕ್ಕೂ ಹಿಂದಕ್ಕೂ ಸ್ವಲ್ಪ ಎಳೆಯಬೇಕು. ಆಗ ಒಳಗಿನ ಓರೆದಾರಿ ನೇರವಾಗುತ್ತದೆ. ಇಯರ್‌ಫೋನನ್ನು ಒಳಗಿಟ್ಟು, ತುಸು ತಿರುಗಿಸಿ, ಕಿವಿ ಬಿಡಬೇಕು. ಸರಿ ಕೂತದ್ದಕ್ಕೆ ಒಂದು ಗುರುತಿದೆ. ನಮ್ಮಲ್ಲಿ ಜೂನ್ ತಿಂಗಳಿನಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಎಷ್ಟೆಂದು ಕೇಳಿದವರಿಗೇ ಗೊತ್ತು. ಆ ಮಳೆ ಯಾರೋ ಕಿಟಕಿ ಮುಚ್ಚಿದ ಹಾಗೆ ಹಿಂದೆ ಸರಿಯುತ್ತದೆ. ಹಾಗೆ ಸರಿಯದಿದ್ದರೆ ತುದಿಯ ರಬ್ಬರು ಅಳತೆಯದ್ದಲ್ಲ ಎಂದೇ ಅರ್ಥ. ಕೂದಲೆಳೆಯಷ್ಟು ಸಂದು ಉಳಿದರೂ ತಗ್ಗಿನ ನಾದವೆಲ್ಲ ಅಲ್ಲಿಂದ ಸೋರಿಹೋಗುತ್ತದೆ. ‘ಬೇಸ್ ಇಲ್ಲ, ಡಬ್ಬ ಮಾಲು’ ಎಂದು ಎಷ್ಟೋ ಜನ ಬೈಯುವುದು ಕೇಳಿದ್ದೇನೆ. ರಬ್ಬರು ಬದಲಿಸಿ ಕೊಟ್ಟ ಮೇಲೆ ಅವರೇ ಸುಮ್ಮನೆ ತಲೆದೂಗಿದ್ದಾರೆ. ಜೊತೆಗೆ ಬರುವ ಮೂರು ಅಳತೆಯ ರಬ್ಬರುಗಳನ್ನು ಎಸೆಯಬಾರದು. ಎರಡು ಕಿವಿಗೆ ಒಂದೇ ಅಳತೆ ಆಗಬೇಕೆಂದೂ ಇಲ್ಲ. ನನ್ನ ಬಲಗಿವಿಗೆ ನಡುವಿನದು, ಎಡಗಿವಿಗೆ ಸಣ್ಣದು. ಇದು ಗೊತ್ತಾಗಲು ನನಗೆ ಎರಡು ವರ್ಷ ಹಿಡಿಯಿತು.

ಮಾತಿನ ಪರೀಕ್ಷೆ ದಾಟಿದ ಮೇಲೆ ಆಟದ, ಅಂದರೆ ಯಕ್ಷಗಾನದ ಪರೀಕ್ಷೆ. ಉಡುಪಿಯ ಆಸುಪಾಸಿಗೆ ಬಡಗಿನ ಮೇಳಗಳೂ ಬರುತ್ತವೆ, ತೆಂಕಿನವೂ ಬರುತ್ತವೆ. ನಮ್ಮ ಕಿವಿಗೆ ಎರಡೂ ಚೆಂಡೆಗಳ ಪರಿಚಯವಿದೆ. ಬಲಿಪ ನಾರಾಯಣ ಭಾಗವತರ ಏರು ಶ್ರುತಿಯ ಪದ ಹಾಕಿದರೆ ಇಯರ್‌ಫೋನಿನ ಗುಣ ಐದೇ ನಿಮಿಷದಲ್ಲಿ ಹೊರಬೀಳುತ್ತದೆ. ನಮ್ಮ ಕಿವಿಯ ಕಾಲುವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಆ ಉದ್ದದ ದೆಸೆಯಿಂದ 3,000 ಹರ್ಟ್ಜ್‌ನ ಆಸುಪಾಸಿನ ಸದ್ದನ್ನು ಅದು ತಾನಾಗಿಯೇ ಎತ್ತಿಕೊಡುತ್ತದೆ. ಕಿವಿಗೆ ಇಯರ್‌ಫೋನು ತುರುಕಿದರೆ ಈ ಸಹಜ ಅನುರಣನ ಕೆಡುವುದರಿಂದ, ಅದನ್ನು ಅಳತೆ ತಪ್ಪದಂತೆ ತುಂಬಿಕೊಡಬೇಕಾದದ್ದು ಇಯರ್‌ಫೋನು ಮಾಡಿದವನ ಕೆಲಸ. ಕಡಿಮೆ ತುಂಬಿದರೆ ಭಾಗವತರು ಬಣ್ಣ ಹಚ್ಚುವ ಚೌಕಿಯೊಳಗೆ ಕೂತು ಹಾಡಿದಂತಿರುತ್ತದೆ. ಹೆಚ್ಚು ತುಂಬಿದರೆ ಏರು ಪದದಲ್ಲಿ ಕಿವಿ ನೋಯುತ್ತದೆ. ಕಾಳಿಂಗ ನಾವಡರ ಕಂಠಕ್ಕೂ ಇದೇ ಮಾತು. 1990ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ, ರಸ್ತೆ ಅಪಘಾತದಲ್ಲಿ ಹೋದ ಅವರನ್ನು ನನ್ನ ಓರಗೆಯ ಬಹಳ ಮಂದಿ ಕ್ಯಾಸೆಟ್ಟಿನಿಂದಲೇ ಬಲ್ಲವರು. ಅಂಥವರಿಗೆ ಇಯರ್‌ಫೋನು ಚೆನ್ನಾಗಿರುವುದು ಎಂದರೆ ಏನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಮದ್ದಳೆಯ ವಿಷಯಕ್ಕೆ ಬಂದರೆ ತೀರ್ಪು ನನ್ನದಲ್ಲ, ಮಾವನದು. ಅಮ್ಮನ ಅಣ್ಣ, ಮೇಳಕ್ಕೆ ಹೋದವರಲ್ಲ, ಹವ್ಯಾಸಿ ಹಿಮ್ಮೇಳದಲ್ಲಿ ಮದ್ದಳೆ ಬಾರಿಸಿದವರು. ಚಿಕ್ಕಂದಿನಲ್ಲಿ ಅವರು ಮದ್ದಳೆಗೆ ಬೋನ ಹಚ್ಚುವುದನ್ನು ಎದುರಿಗೇ ಕೂತು ನೋಡುತ್ತಿದ್ದೆ. ಅನ್ನಕ್ಕೆ ಬೂದಿ ಸೇರಿಸಿ ಅಂಗೈಯಲ್ಲಿ ಮಿದಿದು ಮಿದಿದು ಮೇಣದ ಹಾಗೆ ಮಾಡಿ, ಎಡಮುಖದ ನಡುವೆ ಬೆರಳಿನಿಂದ ಒತ್ತಿ ಕೂರಿಸುತ್ತಿದ್ದರು. ಒಂದು ಪೆಟ್ಟು ಹಾಕಿ ಕಿವಿಗೊಡುವುದು, ಸಾಸಿವೆಯಷ್ಟು ತೆಗೆಯುವುದು, ಮತ್ತೆ ಪೆಟ್ಟು. ಆ ತೂಕದಿಂದಲೇ ಎಡದ ನಾದಕ್ಕೆ ತಗ್ಗು ಬರುವುದು. ಬಲಮುಖದ ನಡುವೆ ಕರಣೆ ಎಂಬ ಗಟ್ಟಿ ಲೇಪ. ಬೆರಳು ಬಿದ್ದಲ್ಲಿ ಲೋಟಕ್ಕೆ ಚಮಚ ತಾಗಿದಂಥ ನಾದ.

ಮೊದಲ ಸಲ ನಾನು ಅವರ ಕಿವಿಗೆ ಇಟ್ಟದ್ದು ಬೇಸ್ ಜೋರಾಗಿದ್ದ ಒಂದು ಇಯರ್‌ಫೋನು. ಸಿನಿಮಾ ಹಾಡಿಗೆ ಅದು ಚಂದ. ಮಾವ ಒಂದು ನಿಮಿಷ ಕೇಳಿ ತೆಗೆದರು.

“ಎಂತ ಮಾರಾಯ, ಮದ್ದಳೆಯ ಬಲ ಎಲ್ಲಿ ಹೋಯ್ತು? ಎಡದ್ದೊಂದೇ ಕೇಳ್ತದೆ. ಅದೂ ಹಂಡೆ ಬಡಿದ ಹಾಗೆ.”

“ಬೇಸ್ ಇದ್ದರೆ ಚಂದ ಅಲ್ವಾ ಮಾವ?”

“ಚಂದ ಹೌದು. ಆದ್ರೆ ಪೆಟ್ಟು ಬಿದ್ದ ಮೇಲೆ ಅದು ನಿಲ್ಲಬೇಕಲ್ಲ. ಇದು ನಿಲ್ಲೂದೇ ಇಲ್ಲ, ಉರುಳಿಕೊಂಡೇ ಹೋಗ್ತದೆ.”

ಪರಿಣತರು ಪುಟಗಟ್ಟಲೆ ವಿವರಿಸುವುದನ್ನು ಮಾವ ಎರಡು ವಾಕ್ಯದಲ್ಲಿ ಮುಗಿಸಿದ್ದರು. ತಗ್ಗಿನ ನಾದ ಎಷ್ಟಿದೆ ಎಂಬುದು ಒಂದು, ಎಷ್ಟು ಬೇಗ ಕೈಬಿಡುತ್ತದೆ ಎಂಬುದು ಇನ್ನೊಂದು. ಅಂದಿನಿಂದ ನಾನು ಎಡದ ಪೆಟ್ಟಿನ ಬಾಲವನ್ನು ಕೇಳಲು ಕಲಿತೆ. ಚಾಲು ಕುಣಿತಕ್ಕೆ ಪೆಟ್ಟುಗಳು ಒತ್ತೊತ್ತಾಗಿ ಬೀಳುವಾಗ ಒಂದರ ಬಾಲ ಇನ್ನೊಂದರ ತಲೆಯ ಮೇಲೆ ಬೀಳಬಾರದು.

ಎರಡು ಇಯರ್‌ಫೋನುಗಳನ್ನು ಹೋಲಿಸುವಾಗ ಒಂದು ಎಚ್ಚರ ಬೇಕು. ಒಂದೇ ವಾಲ್ಯೂಮಿನಲ್ಲಿ ಒಂದು ಜೋರಾಗಿಯೂ ಇನ್ನೊಂದು ಮೆಲ್ಲಗೂ ಕೇಳಿಸಬಹುದು, ಜೋರಾಗಿದ್ದದ್ದೇ ಮೇಲು ಎಂದು ಕಿವಿ ತೀರ್ಮಾನಿಸಿಬಿಡುತ್ತದೆ. ಭಾಗವತರ ಧ್ವನಿ ಎರಡರಲ್ಲೂ ಒಂದೇ ಮಟ್ಟಕ್ಕೆ ಬರುವ ತನಕ ವಾಲ್ಯೂಮ್ ಸರಿಪಡಿಸಿಯೇ ಹೋಲಿಸುತ್ತೇನೆ, ಅದೂ ಮೆಲ್ಲಗಿನ ಕಡೆಗೇ ತಂದು. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಡೀ ರಾತ್ರಿಯ ಪ್ರಸಂಗ ಕೇಳುವವರು ಈ ಲೆಕ್ಕ ಮರೆಯಬಾರದು.

ಇಡೀ ರಾತ್ರಿ ಎಂದೆನಲ್ಲ, ಕಿವಿಯ ಸುಖದ ಪ್ರಶ್ನೆ ಬರುವುದು ಅಲ್ಲಿಯೇ. ಹತ್ತು ನಿಮಿಷಕ್ಕೆ ಎಲ್ಲ ಇಯರ್‌ಫೋನೂ ಹಿತವೇ. ಕೋಡಂಗಿ ಕುಣಿದು, ಪೀಠಿಕೆ ಮುಗಿದು, ಒಡ್ಡೋಲಗಕ್ಕೆ ಬರುವಷ್ಟರಲ್ಲಿ ಕಿವಿಯ ಬಟ್ಟಲಿನ ಯಾವುದೋ ಒಂದು ಬಿಂದುವಿನಲ್ಲಿ ನೋವು ಶುರುವಾದರೆ ನಾದ ಎಷ್ಟೇ ಚೊಕ್ಕವಿದ್ದರೂ ನಾನು ಅದನ್ನು ಒಪ್ಪುವುದಿಲ್ಲ. ನೋಯುವ ಕಿವಿ ಪದ ಕೇಳುವುದಿಲ್ಲ, ನೋವನ್ನೇ ಕೇಳುತ್ತದೆ. ಆದ್ದರಿಂದ ಎರಡು ಗಂಟೆ ಬಿಡದೆ ಹಾಕಿಕೊಂಡೇ ಇರುತ್ತೇನೆ. ಚಕ್ಕುಲಿ ತಿನ್ನುತ್ತೇನೆ, ದವಡೆ ಆಡುವಾಗ ಕಿವಿಯ ದಾರಿಯೂ ಅಲುಗುತ್ತದೆ, ಸಡಿಲ ಕೂತದ್ದು ಆಗ ಜಾರುತ್ತದೆ. ಅಂಗಳದಲ್ಲಿ ನಡೆಯುತ್ತೇನೆ, ತಂತಿ ಅಂಗಿಗೆ ಉಜ್ಜಿದ ಸದ್ದು ಒಳಗೆ ಬರುತ್ತದೋ ನೋಡಲು. ಕಾರ್ಕಳದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿ ಬರುತ್ತೇನೆ. ಬಸ್ಸಿನ ಇಂಜಿನ್ನಿನ ಗುಡುಗು ಮೊದಲು ನುಂಗುವುದು ಮದ್ದಳೆಯ ಎಡವನ್ನೇ.

ಕರಾವಳಿಯ ಸೆಕೆಗೂ ಇಯರ್‌ಫೋನಿಗೂ ಆಗಿಬರುವುದಿಲ್ಲ. ಏಪ್ರಿಲಿನಲ್ಲಿ ಬೆವರು, ಜುಲೈಯಲ್ಲಿ ತೇವ. ಒಮ್ಮೆ ನನ್ನದೊಂದರ ಎಡಭಾಗ ದಿನೇದಿನೇ ಸಣ್ಣಗಾಗುತ್ತ ಬಂತು. ಕಿವಿಯೇ ಕೆಟ್ಟಿತೆಂದು ಹೆದರಿ, ಎಡದ್ದನ್ನು ಬಲಗಿವಿಗೆ ಹಾಕಿ ನೋಡಿದೆ, ಸಣ್ಣಗಾದದ್ದು ಇಯರ್‌ಫೋನು. ಬಾಯಿಯ ಜಾಳಿಗೆಯಲ್ಲಿ ಗುಗ್ಗೆಯ ತೆಳು ಪೊರೆ, ಅದರ ಹಿಂದೆ ತೇವ. ಒಣ ಬ್ರಷ್ಷಿನಿಂದ, ಜಾಳಿಗೆ ಕೆಳಮುಖ ಮಾಡಿ ಮೆಲ್ಲನೆ ಒರಸಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬದಲ್ಲಿ ಎರಡು ದಿನ ಮುಚ್ಚಿಟ್ಟೆ. ಧ್ವನಿ ಮರಳಿತು. ಈಗ ಮಳೆಗಾಲ ಪೂರ್ತಿ ನನ್ನ ಇಯರ್‌ಫೋನುಗಳ ವಾಸ ಆ ಡಬ್ಬದಲ್ಲಿಯೇ.

ಗದ್ದೆಯ ಆಟದಲ್ಲಿ ನಾನು ಯಾವಾಗಲೂ ರಂಗಸ್ಥಳದ ಎದುರು ಚಾಪೆಯಲ್ಲಿ ಕೂತವನು. ನನಗೆ ಬರುತ್ತಿದ್ದದ್ದು ದೂರದಿಂದ ಬಂದ ಚೆಂಡೆ, ಗಾಳಿ ಸೇರಿದ ಪದ. ಇಯರ್‌ಫೋನು ಅದನ್ನು ಕೊಡಲಾರದು, ಗದ್ದೆಯೇ ಬೇಕು. ಆದರೆ ಭಾಗವತರು ಪದ ಎತ್ತುವ ಮೊದಲು ಎಳೆದುಕೊಳ್ಳುವ ಉಸಿರು, ಬೆರಳು ಕರಣೆಯಿಂದ ಅಂಚಿಗೆ ಜಾರುವ ಸದ್ದು, ಇವು ಚಾಪೆಗೆ ಎಂದೂ ತಲುಪಿರಲಿಲ್ಲ. ಮಾವ ತಮ್ಮ ಯೌವನವಿಡೀ ಕೂತಿದ್ದ ಜಾಗದ ಸದ್ದು ಅದು.

ಕಳೆದ ಮಳೆಗಾಲದಲ್ಲಿ ಊರಿನ ಬಯಲಾಟವೊಂದರ ಹಳೆಯ ಟೇಪನ್ನು ಮೊಬೈಲಿಗೆ ಇಳಿಸಿ, ನಾನು ಕೊನೆಗೂ ಒಪ್ಪಿಕೊಂಡ ಒಂದು ಇಯರ್‌ಫೋನನ್ನು ಮಾವನ ಕಿವಿಗೆ ನಾನೇ ಕೂರಿಸಿದೆ. ಕಿವಿ ಹಿಂದಕ್ಕೆ ಎಳೆದು, ತಿರುಗಿಸಿ. ಅವರು ಕಣ್ಣು ಮುಚ್ಚಿದರು. ಬಲಗೈಯ ಬೆರಳುಗಳು ತೊಡೆಯ ಮೇಲೆ ಆಡತೊಡಗಿದವು. ಮುಕ್ಕಾಲು ಗಂಟೆಯಾದರೂ ತೆಗೆಯಲಿಲ್ಲ, ಕಿವಿ ನೋಯುತ್ತದೆಂದು ಹೇಳಲಿಲ್ಲ. ಮಳೆ ಸುರಿಯತೊಡಗಿದ್ದು ಅವರಿಗೆ ಗೊತ್ತಾಗಲಿಲ್ಲ; ನಾನೇ ಎದ್ದು ಜಗಲಿಯ ಬಟ್ಟೆ ಒಳಗೆಳೆದೆ. ವಾಪಸು ಬಂದಾಗ ಬೆರಳು ನಿಂತಿತ್ತು. ಮಾವ ಎಡಗಿವಿಯದ್ದನ್ನು ತೆಗೆದು ನನ್ನ ಕಡೆ ಚಾಚಿದರು.

“ಇಲ್ಲಿ ಕೇಳು. ಇವನ ಬೋನ ಒಣಗಿದೆ.”

ನನಗೆ ತಿಳಿಯಲಿಲ್ಲ. ಧ್ವನಿಮುದ್ರಣವನ್ನು ಹಿಂದಕ್ಕೆ ಎಳೆದು ಮತ್ತೆ ಹಾಕಿದೆ. ಎಡದ ಪೆಟ್ಟು ತುಸು ಮೇಲಕ್ಕೆ ಏರಿದೆಯೇ, ಅದರ ಹೊಟ್ಟೆ ಕರಗಿದೆಯೇ? ಮೂರನೆಯ ಸಲಕ್ಕೆ ಕೇಳಿಸಿತು.